ಮಲಕವ್ವನ ಕರಿಮಣಿ

ಮನೆ ಒಡತಿ ಅಂಜಿನಮ್ಮ ಮಲಕವ್ವನ ಸೆಟೆದ ಕೈಗೆ ಹಸಿರು ಬಳೆ ತೊಡಿಸುತ್ತಿದ್ದಾಗ ಗೇಟಿನ ಹತ್ತಿರದಿಂದ ಯಾರೋ ಕೂಗಿದರು.

"ನಿಲ್ಲಸ್ರಿ! ಅಕಿಗೆ ಬಳಿ ಹಾಕಬ್ಯಾಡ್ರಿ!"

ಬೆಂಗಳೂರಿನ ಲಗ್ಗೆರೆಯ ಆ ವಠಾರದ ಅಂಗಳದಲ್ಲಿ ಕುಳಿತಿದ್ದವರೆಲ್ಲ ತಿರುಗಿ ನೋಡಿದರು. ಧೋತರ ಉಟ್ಟ ಮುದುಕನೊಬ್ಬ ಚೀಲ ಹಿಡಿದುಕೊಂಡೇ ಒಳಗೆ ಬಂದ. ಸತ್ತವಳ ಮಗಳು ಶೈಲಾ ಎದ್ದು ನಿಂತಳು. ಹಿಂದಿನ ಸಂಜೆ ಅವ್ವನ ಉಸಿರು ನಿಂತ ಮೇಲೆ, ಅವ್ವನ ಮೊಬೈಲಿನಲ್ಲಿ ‘ಅಣ್ಣ’ ಎಂದಿದ್ದ ನಂಬರಿಗೆ ಫೋನ್ ಮಾಡಿದವಳು ಅವಳೇ. ಕುಷ್ಟಗಿ ಕಡೆ ಸೋಮಪ್ಪ ಎಂಬ ಸೋದರಮಾವನೊಬ್ಬ ಇದ್ದಾನೆ, ಮಾತು ಬಿಟ್ಟಿದೆ ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಸೋಮಪ್ಪ ತಂಗಿಯ ಮುಖ ನೋಡಿದ. ಚೀಲ ಕೆಳಗಿಟ್ಟು ಅವಳ ಕಾಲ ಬಳಿ ಕುಳಿತ. ದನಿ ಮಾತ್ರ ಗಟ್ಟಿಯಾಗಿಯೇ ಇತ್ತು.

"ಇಕಿ ಗಂಡ ಹೋದ ವರ್ಷ ನಮ್ಮೂರಾಗ ಸತ್ತ. ಇಕಿಗೆ ಬಳಿ, ಕುಂಕುಮ ಯಾವೂ ಇಲ್ಲ. ಆ ಕರಿಮಣಿ ಹರೀರಿ ಮೊದ್ಲು."

"ಯಾವನಯ್ಯಾ ನೀನು? ಗಂಡ ಇಲ್ಲೇ ಕುಂತವ್ನೆ, ಕಣ್ ಕಾಣಾಕಿಲ್ವಾ?" ಎಂದಳು ಅಂಜಿನಮ್ಮ.

ಗೋಡೆಗೊರಗಿ ಕುಳಿತಿದ್ದ ಭರಮಪ್ಪನತ್ತ ಸೋಮಪ್ಪ ಕೈ ಮಾಡಿದ. "ಅಂವ ಅಕಿ ಗಂಡ ಅಲ್ಲ. ಕಲ್ಲು ಒಡಿಯಾಕ ನಮ್ಮೂರಿಗೆ ಬಂದಾಂವ. ಜಾತೀನೂ ಬ್ಯಾರೆ. ತಾಳಿ ಕಟ್ಟ್ಯಾನೇನು ಕೇಳ್ರಿ ಬೇಕಾರ."

ಶೈಲಾ ಅಪ್ಪನನ್ನೇ ನೋಡಿದಳು. ಪೀಣ್ಯದ ಫ್ಯಾಕ್ಟರಿಯಲ್ಲಿ ತನ್ನ ಜೊತೆ ಕೆಲಸ ಮಾಡುವ ಬಾಲಾಜಿಯನ್ನು ಮದುವೆಯಾಗುತ್ತೇನೆ ಎಂದಾಗ, "ಜಾತಿ ಬ್ಯಾರೆ, ಮಂದಿಗೆ ಏನಂತ ಹೇಳ್ಲಿ?" ಎಂದು ಅವನನ್ನು ಅಂಗಳದಿಂದಲೇ ಹೊರಗೆ ಕಳಿಸಿದ್ದ ಅಪ್ಪ. ಬಾಲಾಜಿ ಈಗಲೂ ಗೇಟಿನಾಚೆಯೇ ನಿಂತಿದ್ದ.

*

ಮಲಕವ್ವ ಗಂಡನ ಮನೆ ಬಿಟ್ಟದ್ದು ಹಾಡುಹಗಲೇ. ಕುಡಿದ ಗಂಡ ಹೊಡೆದು ಅವಳ ಹಲ್ಲು ಮುರಿದಾಗ ಅವಳು ಮೊದಲು ಅಣ್ಣನ ಮನೆಗೇ ಹೋಗಿದ್ದಳು. ಅಣ್ಣ ವಾಪಸು ಕಳಿಸಿದ. ಇನ್ನೊಮ್ಮೆ ಹೋದಳು, ಆಗಲೂ ಕಳಿಸಿದ. ಅದರ ಮರುದಿನ ಅವಳು ಕರಿಮಣಿ ಬಿಚ್ಚಿ ಗಂಡನ ಮನೆಯ ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಕೆರೆ ಏರಿಯ ಮೇಲೆ ಕಲ್ಲು ಒಡೆಯುತ್ತಿದ್ದ ಭರಮಪ್ಪನ ಎದುರು ಬಂದು ನಿಂತಳು. ಕುಡಿಯುವ ನೀರಿಗೆಂದು ಅವಳ ಮನೆಗೆ ಬರುತ್ತಿದ್ದವನು. ಅವಳು ಅತ್ತದ್ದನ್ನು ಕಂಡು ತಲೆ ತಗ್ಗಿಸಿ ಹೋಗುತ್ತಿದ್ದವನು.

"ಬೆಂಗಳೂರಿಗೆ ಹೊಂಟೀಯಂತ. ನಾನೂ ಬರ್ತೀನಿ. ಬ್ಯಾಡ ಅಂದ್ರ ಒಬ್ಬಾಕೀನ ಹೋಗ್ತೀನಿ."

ಲಗ್ಗೆರೆಯಲ್ಲಿ ಬರಿಗೊರಳಿನ ಹೆಂಗಸಿಗೆ ಯಾರೂ ಮನೆ ಕೊಡಲಿಲ್ಲ. ಮಲಕವ್ವ ಸೀದಾ ಅಂಗಡಿಗೆ ನಡೆದು ಕರಿಮಣಿ ಸರ ಕೊಂಡಳು. ಕಟ್ಟಲೆಂದು ಭರಮಪ್ಪ ಕೈ ಚಾಚಿದ.

"ಒಮ್ಮೆ ಕಟ್ಟಿಸ್ಕೊಂಡು ನೋಡೀನಿ, ಸಾಕು. ಇದು ನಾನ ಹಾಕ್ಕೋತೀನಿ," ಎಂದು ಅಂಗಡಿಯ ಕನ್ನಡಿ ಮುಂದೆ ತಾನೇ ಹಾಕಿಕೊಂಡಳು. ಮುಂದಿನ ಬೀದಿಯಲ್ಲಿ ಅಂಜಿನಮ್ಮ ಅವಳ ಕೊರಳು ನೋಡಿ ಬೀಗದ ಕೈ ಕೊಟ್ಟಳು.

ಶೈಲಾ ಹುಟ್ಟಿದ ಮೇಲೆ ಭರಮಪ್ಪನಿಗೆ ಅಂಜಿಕೆ ಶುರುವಾಯಿತು. ಅವಳ ಮದುವೆಯ ಮಾತೆದ್ದರೆ ಬೀಗರು ಊರು, ಕುಲ ಎಲ್ಲವನ್ನೂ ಕೆದಕುತ್ತಾರೆ. ಮುಚ್ಚಿಡುವುದು ಮಲಕವ್ವನಿಗೆ ಬೇಕಿರಲಿಲ್ಲ. ಆಸ್ಪತ್ರೆಯ ಮಂಚದ ಮೇಲೂ ಹೇಳಿದ್ದಳು: "ಹುಡುಗಿಗೆ ಹೇಳಿಬಿಡು. ನಾವೇನು ಕಳವು ಮಾಡಿಲ್ಲ." ನಾಳೆ ಹೇಳುತ್ತೇನೆ ಎಂದು ಅವನು ಮುಂದೂಡುತ್ತಲೇ ಬಂದ.

*

ಭರಮಪ್ಪ ಗೋಡೆ ಹಿಡಿದು ಎದ್ದ.

"ಹೌದು, ನಾ ಕಟ್ಟಿಲ್ಲ. ಆ ಕರಿಮಣಿ ಅಕೀನ ಕೊಂಡು, ಅಕೀನ ಹಾಕ್ಕೊಂಡದ್ದು. ಅದನ್ನ ಹರಿಯಾಕ ನೀ ಯಾರು? ಹಲ್ಲು ಮುರಕೊಂಡು ನಿನ್ನ ಬಾಗಲಿಗೆ ಬಂದಾಗ ಎಲ್ಲಿದ್ದಿ ಸೋಮಪ್ಪ?"

"ಊರಾಗ ಬಾಳೇವು ಮಾಡಬೇಕಿತ್ತು... ಹೆದರಿದೆ," ಎಂದ ಸೋಮಪ್ಪ. ದನಿ ಇಳಿದಿತ್ತು.

"ನಾನೂ ಹೆದರಿದೆ. ಹೆದರಲಾರದಾಕಿ ಅಕಿ ಒಬ್ಬಾಕಿ."

ಅಂಜಿನಮ್ಮ ಮಲಕವ್ವನ ಮುಖದತ್ತ ಬಾಗಿದಳು. "ನಂಗೇ ಸುಳ್ಳು ಹೇಳ್ದಲ್ಲೇ, ಕಳ್ಳಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ಬಳೆ ಎತ್ತಿಕೊಂಡಳು. "ತಾಳಿ ಯಾರ್ ಕಟ್ಟಿದ್ರೆ ನಂಗೇನು? ನಮ್ಮನೇಲಿ ಬಾಳಿದೋಳು. ಶೈಲಾ, ಆ ಕೈ ಇಡ್ಕೊಳವ್ವಾ."

ಶೈಲಾ ಅವ್ವನ ಕೈ ಹಿಡಿದಳು. ಬಳೆ ತೊಡಿಸಿ, ಕುಂಕುಮ ಇಟ್ಟಾದ ಮೇಲೆ ತಲೆ ಎತ್ತಿದಳು.

"ಬಾಲಾಜಿ ಜಾತಿ ಯಾವ ಬಾಯಿಲೆ ಕೇಳಿದಿ ಅಪ್ಪಾ?"

ಭರಮಪ್ಪ ಹೋಗಿ ಚಟ್ಟದ ಮುಂದಿನ ತುದಿಯಲ್ಲಿ ನಿಂತ.

ಚಟ್ಟ ಹೊರಲು ಬಂದಿದ್ದ ನಾಲ್ವರಲ್ಲಿ ಮೂವರು, ಅವನ ಊರಿನ ಕಡೆಯವರೇ, "ನಮಗ್ಯಾಕ ಬೇಕು," ಎಂದು ಟವೆಲ್ ಕೊಡವಿ ಹೊರಟರು. ಪಕ್ಕದ ಮನೆಯ ವೆಂಕಟರಮಣಪ್ಪ ಮಾತ್ರ ಉಳಿದ. ಶೈಲಾ ಗೇಟಿಗೆ ಹೋದಳು.

"ಬಾ ಬಾಲಾಜಿ. ಹೆಗಲು ಕೊಡು."

"ನಿಮ್ಮಪ್ಪ ಒಪ್ತಾರಾ?"

"ಅಪ್ಪನ್ನ ಕೇಳಿಲ್ಲ. ನಿನ್ನ ಕೇಳ್ತಿದೀನಿ."

ಬಾಲಾಜಿ ಚಪ್ಪಲಿ ಬಿಟ್ಟು ಒಳಗೆ ಬಂದ. ಚಟ್ಟದ ಮುಂದೆ ನಿಂತಿದ್ದ ಭರಮಪ್ಪ ಅವನನ್ನೊಮ್ಮೆ ನೋಡಿ, ಜಾಗ ಬಿಟ್ಟು ವೆಂಕಟರಮಣಪ್ಪನಿದ್ದ ಹಿಂದಿನ ತುದಿಗೆ ಹೋದ. ಶೈಲಾ ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಬಾಲಾಜಿಯ ಪಕ್ಕ ಬಗ್ಗಿದಳು.

"ಹೆಣ್ಮಕ್ಕಳು ಹೊರಂಗಿಲ್ಲವ್ವಾ," ಎಂದ ಸೋಮಪ್ಪ.

"ಅವ್ವ ಇದ್ದಿದ್ರ ಹೊರು ಅಂತಿದ್ಲು," ಎಂದು ಅವಳು ಬಿದಿರಿಗೆ ಹೆಗಲು ಕೊಟ್ಟಳು.

ಮುಖ್ಯರಸ್ತೆಗೆ ಬರುವಾಗ ಮೊದಲ ಶಿಫ್ಟು ಬಿಟ್ಟಿತ್ತು. ಟಿಫಿನ್ ಚೀಲ ಹಿಡಿದ ಕೆಲಸಗಾರರು ದಾರಿ ಬಿಟ್ಟು ನಿಂತರು. ಬಾಲಾಜಿ ಶೈಲಾಗಿಂತ ಗೇಣುದ್ದ ಎತ್ತರ. ಚಟ್ಟ ಅವಳ ಕಡೆಗೆ ವಾಲಿ, ಭಾರವೆಲ್ಲ ಅವಳ ಹೆಗಲ ಮೇಲೆ ಬಂತು. ಅವಳು ಹಲ್ಲು ಕಚ್ಚಿ ನಡೆದಳು. ಅವನು ಅದನ್ನು ನೋಡಿ ಮೊಣಕಾಲು ಬಗ್ಗಿಸಿದ. ಚಟ್ಟ ಸಮವಾಯಿತು. ಮುಂದೆ ಏರು ಇತ್ತು. ಅವನು ಹಾಗೇ ಅರ್ಧ ಕುಕ್ಕರಿಸಿದಂತೆ, ಅವಳ ಹೆಜ್ಜೆಗೆ ಹೆಜ್ಜೆ ಹಾಕುತ್ತ ಏರಿದ.