ಗುರುತು ಸಿಗದ ದನಿ

"ನನಗೆ ಗೊತ್ತಿರಲಿಲ್ಲ," ಎಂದ ತಮ್ಮ, ಮತ್ತೊಮ್ಮೆ. ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದ ಅಕ್ಕನಿಗೆ ಹೋದ ಜೀವ ಬಂದಂತಾಯಿತು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ.

ಹೇಳಿದ ಹಾಡು ಹಾಕುವ, ಕೇಳಿದ ಸುದ್ದಿ ಓದುವ ಪುಟ್ಟ ಸ್ಪೀಕರ್ ಅವನ ಕಂಪನಿಯದು. ಆಫ್ ಮಾಡಿದ ಮೇಲೂ ಅದು ಮನೆಯವರ ಮಾತನ್ನೆಲ್ಲ ಕದ್ದು ಕೇಳಿ ಕಂಪನಿಗೆ ಕಳಿಸುತ್ತಿತ್ತು ಎಂಬುದು ಮೊಕದ್ದಮೆ. ಮುಖ್ಯಸ್ಥನಾದ ಅವನಿಗೆ ತಿಳಿಯದೆ ನಡೆದಿದ್ದರೆ ಕಂಪನಿಗೆ ದಂಡ. ತಿಳಿದೂ ನಡೆಯಲು ಬಿಟ್ಟಿದ್ದರೆ ಅವನಿಗೇ ಜೈಲು.

"ಇರುವೆ ತುಳಿಯೋಕೂ ಹೆದರೋನು ರೀ ನನ್ನ ತಮ್ಮ," ಎಂದಳು ಅಕ್ಕ, ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿಗೆ.

ಕಂಪನಿ ಬಿಟ್ಟುಬಂದಿದ್ದ ಇಂಜಿನಿಯರ್ ಹುಡುಗಿ ಸಾಕ್ಷಿಕಟ್ಟೆ ಹತ್ತಿದಳು. "ಇವರ ರೂಮಿನಲ್ಲೇ ಒಂದು ತುಣುಕು ಹಾಕಿ ಕೇಳಿಸಿದೆ. 'ಸರ್, ಇದು ತಪ್ಪು, ನಿಲ್ಲಿಸೋಣ' ಅಂದೆ. ಇನ್ನೊಂದು ಸಲ ಹಾಕು ಅಂದ್ರು. ಕೇಳಿದ್ರು. ಆಮೇಲೆ ಕಿಟಕಿ ಕಡೆ ತಿರುಗಿ, 'ಇರ್ಲಿ, ನಡೀಲಿ' ಅಂದ್ರು."

"ಶುದ್ಧ ಸುಳ್ಳು," ಎಂದ ತಮ್ಮ.

ನ್ಯಾಯಾಧೀಶೆ ಆ ತುಣುಕನ್ನು ಹಾಕಿಸಿದರು. ನಲ್ಲಿ ನೀರಿನ ಸದ್ದು, ಪಾತ್ರೆಯ ಸದ್ದು. ಆಮೇಲೆ ತಗ್ಗಿದ ಒಂದು ಹೆಣ್ಣುದನಿ: "ಗಂಟು ಕೆಟ್ಟದ್ದೇ ಅಂತೆ ಕಣೆ. ಎದೆ ತೆಗೀಲೇಬೇಕಂತೆ. ನನ್ನ ತಮ್ಮನ ಹತ್ರ ಮಾತ್ರ ಬಾಯಿ ಬಿಡಬೇಡ. ಪಾಪ, ಅವನಿಗೆ ನೂರೆಂಟು ತಲೆನೋವು. ನನ್ನದೂ ಯಾಕೆ?"

ಅಕ್ಕನ ಮನೆಯಲ್ಲೂ ಅದೇ ಸ್ಪೀಕರ್ ಇತ್ತು. ಅವಳದೇ ಅಡುಗೆಮನೆ, ಗೆಳತಿಯ ಜೊತೆ ಫೋನಿನಲ್ಲಿ ಅವಳೇ ಆಡಿದ ಮಾತು. ಆಪರೇಷನ್ ಮಾಡಿಸಿಕೊಂಡು ಬಂದಾಗ ತಮ್ಮನ ಹತ್ತಿರ ತನಗೆ ಮಂಡಿನೋವು ಎಂದಿದ್ದಳು. "ಮೆಟ್ಟಿಲು ಹತ್ತಬೇಡಕ್ಕ," ಎಂದು ಅವನು ಗೋಡೆ ನೋಡಿಕೊಂಡು ಹೇಳಿದ್ದ. ಹಾಗಾದರೆ ಆಗಲೇ ಗೊತ್ತಿತ್ತೇ? ವಿಚಾರಿಸಿದರೆ ಕದ್ದು ಕೇಳಿದ್ದು ಬಯಲಾದೀತೆಂದು ತುಟಿ ಹೊಲಿದುಕೊಂಡಿದ್ದನೇ?

"ಈ ದನಿ ಯಾರದು?" ನ್ಯಾಯಾಧೀಶೆ ಕೇಳಿದರು. ಹುಡುಗಿಗೆ ಗೊತ್ತಿರಲಿಲ್ಲ. ಅವರು ತಮ್ಮನ ಕಡೆ ತಿರುಗಿದರು. "ನಿಮಗೆ?"

ಅವನು ಹಿಂದಿನ ಬೆಂಚಿನ ಕಡೆ ನೋಡಲಿಲ್ಲ. "ಗುರುತು ಸಿಗ್ತಿಲ್ಲ, ಮೇಡಂ."

ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಅಕ್ಕ ಎದ್ದು ನಿಂತದ್ದು ಅವಳಿಗೇ ತಿಳಿಯಲಿಲ್ಲ. "ಅದು ನನ್ನ ದನಿ. ನಾನು ಅವನ ಅಕ್ಕ."

ಅವಳನ್ನು ಮುಂದೆ ಕರೆದರು.

"ತಮ್ಮನ ವಿರುದ್ಧ ಸಾಕ್ಷಿ ಹೇಳಬೇಕಂತ ಬಲವಂತವಿಲ್ಲಮ್ಮ," ಎಂದರು ನ್ಯಾಯಾಧೀಶೆ.

"ಹೇಳ್ತೀನಿ."

"ಅವರಿಗೆ ನಿಮ್ಮ ದನಿ ಗೊತ್ತಾಗದೆ ಇರಬಹುದಾ?"

ಅಕ್ಕ ಕಟಕಟೆಯ ಅಂಚು ಹಿಡಿದುಕೊಂಡಳು. "ಚಿಕ್ಕವನಿದ್ದಾಗ ಆಟಕ್ಕೆ ಬಿದ್ದರೆ ಊರೆಲ್ಲ ಕೂಗಿದರೂ ಬರ್ತಿರಲಿಲ್ಲ. ನಾನು ಒಂದು ಸಲ ಕರೆದರೆ ಸಾಕು, ಬೀದಿ ತುದಿಯಿಂದ ಓಡಿ ಬರ್ತಿದ್ದ."

ದಂಡದ ಮಾತು ಅಲ್ಲಿಗೇ ನಿಂತಿತು. ಅವನನ್ನು ವಶಕ್ಕೆ ತೆಗೆದುಕೊಳ್ಳುವಂತೆ ಆಜ್ಞೆಯಾಯಿತು. ಅಷ್ಟು ಹೊತ್ತಿಗೆ ಅವನು ಅಕ್ಕನ ಕಡೆ ನೋಡುತ್ತ ಎದ್ದು ನಿಂತಿದ್ದ. ಕೂತುಕೊಳ್ಳಿ, ಕೂತುಕೊಳ್ಳಿ ಎಂದು ವಕೀಲರು ತೋಳು ಹಿಡಿದು ಎಳೆದರು. ಎದುರಿಗೆ ಅಕ್ಕ ಇನ್ನೂ ನಿಂತೇ ಇದ್ದಳು. ಅವನು ಕೂರಲಿಲ್ಲ.