ಹೆಡ್ಲಿಯ ಮುಚ್ಚಿದ ಬಾಗಿಲು

ನಮ್ಮ ಯಾರ್ಕ್‌ಶೈರ್ ಹಳ್ಳಿಯ ಹಿತ್ತಾಳೆ ವಾದ್ಯದವರಾದ ನಾವು ಕ್ರಿಸ್ಮಸ್ ಬೆಳಿಗ್ಗೆ ಮನೆಮನೆಯ ಮುಂದೆ ಹಬ್ಬದ ಹಳೆಯ ಹಾಡುಗಳಾದ ಕ್ಯಾರಲ್‌ಗಳನ್ನು ನುಡಿಸುತ್ತೇವೆ. ಮನೆಯವರು ಒಳಗಿನಿಂದ ಬಾಗಿಲು ತೆರೆಯುವವರೆಗೆ ನಿಲ್ಲಿಸುವಂತಿಲ್ಲ. ಟ್ಯೂಬಾ ಎಂಬ ದಪ್ಪ ದನಿಯ ದೊಡ್ಡ ಕಹಳೆ ಊದುವ ಹೆಡ್ಲಿಯ ಮನೆಯಲ್ಲಿ ಬಾಗಿಲು ತೆರೆಯುತ್ತಿದ್ದ ತಂಗಿ ಈ ವರ್ಷ ಮದುವೆಯಾಗಿ ಹೋಗಿದ್ದಳು; ಒಳಗೆ ಯಾರೂ ಇರಲಿಲ್ಲ. ಅದು ನಮಗೆ ಹೊಳೆದದ್ದು ಒಂಬತ್ತನೇ ಸಲ ನುಡಿಸುವಾಗ. ಅಷ್ಟರಲ್ಲಿ ತುಟಿಗಳು ಮರಗಟ್ಟಿದ್ದವು.

“ನೀನೇ ಹೋಗಿ ತೆಗಿಯೋ ಮಾರಾಯ, ನಮ್ಮನೇಲಿ ಒಲೆಗಿಟ್ಟ ಬಾತುಕೋಳಿ ಸೀದೋಗ್ತಿದೆ,” ಎಂದು ನಮ್ಮನ್ನು ನುಡಿಸುವ ಎನಿಡಕ್ಕ ತಾಳದ ಕೋಲು ಬೀಸುತ್ತಲೇ ಗೊಣಗಿದರು.

ಹೆಡ್ಲಿ ಟ್ಯೂಬಾವನ್ನು ಹಿಮದ ಮೇಲಿಟ್ಟು ಹಿತ್ತಲಿನಿಂದ ಒಳಹೊಕ್ಕ; ನಾವು ನುಡಿಸುತ್ತಲೇ ಇದ್ದೆವು. ಮುಂಬಾಗಿಲು ತೆರೆಯಿತು. ನಾವು ವಾದ್ಯ ಇಳಿಸಿದೆವು. ಅವನು ಎಲ್ಲರ ಕೈಕುಲುಕಿ, ಹುಬ್ಬು ಗಂಟಿಕ್ಕಿದ.

“ಚೆನ್ನಾಗಿತ್ತು ಎನಿಡಕ್ಕ. ಆದ್ರೆ ಕೊನೇಲಿ ಟ್ಯೂಬಾನೇ ಕೇಳಿಸ್ಲಿಲ್ವಲ್ಲ. ಇನ್ನೊಂದ್ಸಲ ನುಡಿಸಿ,” ಎಂದು ಬಾಗಿಲು ಹಾಕಿಕೊಂಡ.