ಬೆಲ್ಟಿಗೆ ಹಾಕಿದ ಹೊಲಿಗೆ

ಕಾರಿನ ಬೆಲ್ಟಿಗೆ ಸೂಜಿ ಮುಟ್ಟಿಸಬಾರದು ಅಂತ ಸೀಟ್ ಮೇಷ್ಟ್ರಿಗೆ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿಯೇ ಗೊತ್ತಿತ್ತು. ಇಪ್ಪತ್ತಾರು ವರ್ಷ ಬರೀ ಕಾರಿನ ಸೀಟು ಹೊಲಿದ ಮನುಷ್ಯ. ಅದಕ್ಕೇ ಜನ ಅವರಿಗೆ ಆ ಹೆಸರಿಟ್ಟಿದ್ದು. ಕೆಲಸ ಕಲಿಸಿದ ಗುರು ಮೊದಲ ದಿನವೇ ಹೇಳಿದ್ದರು: "ಸೀಟು ನಿಂದು, ಹೇಗೆ ಬೇಕಾದ್ರೂ ಹೊಲಿ. ಬೆಲ್ಟು ನಿಂದಲ್ಲ, ಅದರ ತಂಟೆಗೆ ಹೋಗ್ಬೇಡ." ಗಿರಾಕಿಗಳು ಬಂದು, "ಮೇಷ್ಟ್ರೇ, ಬೆಲ್ಟು ಕುತ್ತಿಗೆ ಕೊರೆಯುತ್ತೆ, ಏನಾದ್ರೂ ಮಾಡಿಕೊಡಿ" ಅಂದರೆ, "ಸ್ವಲ್ಪ ಕುತ್ತಿಗೆ ಉದ್ದ ಮಾಡ್ಕೊಂಡು ಬನ್ನಿ, ನೋಡೋಣ" ಅಂತ ನಗಿಸಿ ಸಾಗಹಾಕುತ್ತಿದ್ದರು. ಆದರೆ ಹೆಂಡತಿ ಗಿರಾಕಿಯಲ್ಲವಲ್ಲ!

ಹೆಂಡತಿ ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವಳು. ಐದಡಿಗೆ ಎರಡು ಬೆರಳು ಕಮ್ಮಿ, ಆದರೆ ತೋಳೆರಡೂ ಕಲ್ಲು. ಬೆಳಿಗ್ಗೆ ನಾಲ್ಕಕ್ಕೇ ಕೆಲಸ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತಿತ್ತು. ಮೇಷ್ಟ್ರು ಅಂಗಡಿಯಿಂದ ಹೋಗಿ ಅವಳನ್ನು ತಮ್ಮ ಹಳೇ ಕಾರಿನಲ್ಲಿ ಮನೆಗೆ ಕರೆತರುತ್ತಿದ್ದರು. ಅವಳ ಎತ್ತರಕ್ಕೆ ಬೆಲ್ಟು ಸರಿಯಾಗಿ ಗಂಟಲ ಮೇಲೇ ಬರುತ್ತಿತ್ತು. ಅವಳೋ, ಅದನ್ನು ಕಂಕುಳ ಕೆಳಗೆ ತೂರಿಸಿಕೊಂಡು ಆರಾಮಾಗಿ ಕೂರುತ್ತಿದ್ದಳು.

"ಬೆಲ್ಟು ಹಾಕೋದು ಪೊಲೀಸರಿಗೆ ತೋರಿಸೋಕಲ್ಲ ಮಾರಾಯ್ತಿ, ನಿನ್ನ ಜೀವಕ್ಕೆ!" ಅಂತ ಮೇಷ್ಟ್ರು ದಿನಾ ರೇಗುತ್ತಿದ್ದರು.

"ಊರಿನವರ ಬೆನ್ನಿಗೆಲ್ಲ ಮೆತ್ತಗೆ ಹೊಲ್ದು ಕೊಡ್ತೀರಿ. ಹೆಂಡ್ತಿ ಕುತ್ತಿಗೆ ಚರ್ಮ ಸುಲಿದ್ರೂ ಕೇಳೋರಿಲ್ಲ" ಅಂತ ಅವಳೂ ದಿನಾ ಕುಟುಕುತ್ತಿದ್ದಳು.

ಒಂದು ಭಾನುವಾರ ಮೇಷ್ಟ್ರು ಗುರುವಿನ ಮಾತನ್ನು ಗಾಳಿಗೆ ತೂರಿದರು. ಒಂದು ಗೇಣುದ್ದದ ಚರ್ಮದ ಪಟ್ಟಿ ಕತ್ತರಿಸಿ, ಒಂದು ತುದಿಯನ್ನು ಎದೆಯ ಮೇಲೆ ಹಾಯುವ ಬೆಲ್ಟಿಗೂ ಇನ್ನೊಂದು ತುದಿಯನ್ನು ಮಡಿಲ ಮೇಲಿನ ಬೆಲ್ಟಿಗೂ ಸೇರಿಸಿ ಹೊಲಿದರು. ಮೇಲಿನ ಬೆಲ್ಟು ಗಂಟಲು ಬಿಟ್ಟು ಕೆಳಗಿಳಿಯಿತು. ಹೆಂಡತಿ ಕೂತು ನೋಡಿ, ಕತ್ತು ಆಚೆ ಈಚೆ ಆಡಿಸಿ, "ಅಬ್ಬ! ಇದಕ್ಕೆ ಇಷ್ಟು ವರ್ಷ ಬೇಕಾಯ್ತಾ ನಿಮ್ಗೆ?" ಅಂದಳು. ಬೇಕರಿಯವರನ್ನೆಲ್ಲ ಹೊರಗೆ ಕರೆದು ತೋರಿಸಿದಳು. ಅವತ್ತಿನಿಂದ ಒಂದು ದಿನವೂ ಬೆಲ್ಟು ಕಂಕುಳಿಗೆ ಹೋಗಲಿಲ್ಲ. ಮೇಷ್ಟ್ರಿಗೆ ಎಷ್ಟು ಖುಷಿಯಾಗಿತ್ತೆಂದರೆ, ಗುರು ಬದುಕಿದ್ದರೆ ಅವರಿಗೂ ತೋರಿಸುತ್ತಿದ್ದರೇನೋ.

ಅಯ್ಯೋ, ಆ ಖುಷಿ ಎಂಟು ತಿಂಗಳು ಬಾಳಿತು ಅಷ್ಟೇ. ಹಾಡಹಗಲು ಹನ್ನೊಂದೂವರೆಗೆ, ಕೆಂಪು ದೀಪ ಲೆಕ್ಕಿಸದೆ ನುಗ್ಗಿದ ಲಾರಿಯೊಂದು ಇವರ ಕಾರಿನ ಮೂತಿಗೆ ಬಡಿಯಿತು. ಮೇಷ್ಟ್ರಿಗೆ ಬೆಲ್ಟು ಎಳೆದು ಹೆಗಲ ಮೇಲೆ ಒಂದು ಬರೆ ಮೂಡಿತು, ಮತ್ತೇನಿಲ್ಲ. ಪಕ್ಕದಲ್ಲಿ ತೂಕಡಿಸುತ್ತಿದ್ದ ಹೆಂಡತಿ ಕಣ್ಣು ಬಿಟ್ಟು, "ಏನಾಯ್ತು ರೀ?" ಅಂದಳು. ರಕ್ತವಿಲ್ಲ, ಮೂಳೆ ಮುರಿದಿಲ್ಲ. ಬದುಕಿದೆವಲ್ಲ ಅಂದುಕೊಳ್ಳುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಮುದುಡಿದಳು.

ಆಸ್ಪತ್ರೆಯಲ್ಲಿ ಐದು ಗಂಟೆ ಆಪರೇಷನ್ ಆಯಿತು. ಹೊರಬಂದ ಡಾಕ್ಟರು ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. "ನೋಡಿ, ಕೆಳಗಿನ ಬೆಲ್ಟು ಸೊಂಟದ ಮೂಳೆ ಮೇಲೆ ಕೂರಬೇಕು. ಪೆಟ್ಟು ಮೂಳೆ ತಡ್ಕೊಳುತ್ತೆ. ಇವರಿಗೆ ನಾಲ್ಕು ಬೆರಳು ಮೇಲೆ, ಹೊಟ್ಟೆ ಮೇಲೇ ಇತ್ತು. ಕರುಳು ಬೆಲ್ಟಿಗೂ ಬೆನ್ನುಮೂಳೆಗೂ ನಡುವೆ ಸಿಕ್ಕಿ ಹರಿದಿದೆ. ಅವರು ಬೆಲ್ಟು ಸರಿಯಾಗಿ ಹಾಕಿರಲಿಲ್ವಾ?"

ಮೇಷ್ಟ್ರು ಆ ಚಿತ್ರವನ್ನೇ ನೋಡಿದರು. ಪಟ್ಟಿ ಮೇಲಿನದನ್ನು ಕೆಳಗೆ ಎಳೆದರೆ ಕೆಳಗಿನದನ್ನು ಮೇಲೆ ಎಳೆಯದೆ ಇರುತ್ತದೆಯೇ? ಹಗ್ಗ ಜಗ್ಗಾಡಿದ ಮಕ್ಕಳಿಗೂ ಗೊತ್ತಿರುವ ವಿಷಯ. ಇಪ್ಪತ್ತಾರು ವರ್ಷ ಅಳತೆ ಹಿಡಿದ ಕೈಗೆ ಅದು ಹೊಳೆದಿರಲಿಲ್ಲ. ಹೆಂಡತಿಯ ಕುತ್ತಿಗೆ ನೋಡಿದರು, ಹೊಟ್ಟೆ ನೋಡಲಿಲ್ಲ. ಡಾಕ್ಟರಿಗೆ ಏನು ಹೇಳಿದರು ಗೊತ್ತೇ? "ನಾನು ರಸ್ತೆ ನೋಡ್ತಿದ್ದೆ ಸಾರ್" ಅಂದರು.

ಅವಳ ಹೊಟ್ಟೆಯ ಎಡಬದಿಗೆ ತೂತು ಮಾಡಿ, ಮಲ ಅಲ್ಲಿಂದಲೇ ಹೊರಬರುವ ಹಾಗೆ ಒಂದು ಚೀಲ ಅಂಟಿಸಿದ್ದರು. ವರ್ಷ ಕಳೆದ ಮೇಲೆ ಮುಚ್ಚಿದರೆ ಮುಚ್ಚಬಹುದು, ಇಲ್ಲದಿದ್ದರೆ ಇಲ್ಲ. ಇನ್ನು ಭಾರ ಎತ್ತುವಂತಿಲ್ಲ, ಹಿಟ್ಟಿನ ಕೆಲಸ ಮುಗಿದಂತೆಯೇ. ಎಚ್ಚರವಾದಾಗ ಅವಳು ಕೇಳಿದ ಮೊದಲ ಮಾತು, "ನಾನು ಬೆಲ್ಟು ಹಾಕಿದ್ದೆ ಅಲ್ವಾ?" ಮೇಷ್ಟ್ರು ಹೂಂ ಅಂದರು. ಅಲ್ಲಿಗೆ ನಾಲಿಗೆಗೆ ಬೀಗ ಬಿತ್ತು.

ಲಾರಿಯ ವಿಮೆ ಕಂಪನಿಯ ಮೇಲೆ ಪರಿಹಾರದ ಕೇಸು ಹಾಕಿದರು. ವಕೀಲಮ್ಮ ಚುರುಕಿನ ಹೆಂಗಸು. "ತಪ್ಪು ಲಾರಿದೇ. ಆದ್ರೆ ಅವರು ಸುಮ್ನೆ ಕೊಡಲ್ಲ. ಬೆಲ್ಟಿನ ಮೇಲೆ ಏನಾದ್ರೂ ಹುಡುಕ್ತಾರೆ. ಗುರುವಾರ ಅವರ ಕಡೆಯವರು ನಿಮ್ಮ ಕಾರು ನೋಡೋಕೆ ಬರ್ತಾರೆ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಷ್ಟ್ರು ಬುಧವಾರ ಮಧ್ಯಾಹ್ನವೇ ಜೇಬಿನಲ್ಲಿ ಹೊಲಿಗೆ ಬಿಚ್ಚುವ ಬ್ಲೇಡು ಇಟ್ಟುಕೊಂಡು, ಜಜ್ಜಿದ ಕಾರು ನಿಂತಿದ್ದ ಗ್ಯಾರೇಜಿನ ಹಿತ್ತಲಿಗೆ ಹೋದರು. "ಕನ್ನಡಕ ಬಿಟ್ಟಿದ್ದೆ" ಅಂದರೆ ಗ್ಯಾರೇಜಿನವರು, "ಹೋಗಿ ಮೇಷ್ಟ್ರೇ, ಪಾಪ" ಅಂತ ದಾರಿ ಬಿಟ್ಟರು.

ಎರಡು ಕಡೆಯ ದಾರವನ್ನೂ ಎಳೆ ಉಳಿಯದಂತೆ ಕಿತ್ತರು. ಪಟ್ಟಿ ಕೈಗೆ ಬಂತು. ಸೂಜಿಯ ತೂತುಗಳು ಮಾತ್ರ ಹಾಗೇ ಇದ್ದವು. ಅವನ್ನು ಉಗುರಿನಿಂದ ಒತ್ತಿ ಒತ್ತಿ ಮುಚ್ಚಿದರು. ಜೀವಮಾನದಲ್ಲಿ ಅಷ್ಟು ನಾಜೂಕಾಗಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಮಾಡುವಾಗ ತಮಗೇ ಸಮಾಧಾನ ಹೇಳಿಕೊಂಡರು: ಅವಳಿಗೆ ಸಿಗಬೇಕಾದ ಪರಿಹಾರ ನನ್ನಿಂದ ಕೈತಪ್ಪಬಾರದು. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಹೆಂಡತಿಯ ಮುಖ ನೋಡಿ ಹೇಳುವ ಧೈರ್ಯ ಅವರಿಗಿರಲಿಲ್ಲ.

ವಿಮೆಯವರ ವರದಿ ಬಂತು. ಹೊಲಿಗೆಯ ಮಾತೇ ಇಲ್ಲ. ವಕೀಲಮ್ಮ ಓದಿ ಹೇಳಿದರು: "ಬೆಲ್ಟಿನಲ್ಲಿ ಯಾವ ದೋಷವೂ ಇಲ್ಲ. ಆದ್ದರಿಂದ ಬೆಲ್ಟನ್ನು ಹೊಟ್ಟೆಯ ಮೇಲೆ ಸರಿಸಿಕೊಂಡು, ಅಡ್ಡಾದಿಡ್ಡಿ ಕೂತದ್ದು ಗಾಯಾಳುವಿನದೇ ಅಜಾಗರೂಕತೆ."

ಮೇಷ್ಟ್ರು ತಮ್ಮ ತಲೆಯಿಂದ ಇಳಿಸಿದ ಹೊರೆ ಸೀದಾ ಹೋಗಿ ಆ ಹೆಣ್ಣಿನ ತಲೆಯ ಮೇಲೆ ಕೂತಿತ್ತು.

ಆಮೇಲೆ ಶುರುವಾಯಿತು ನೋಡಿ ಪುರಾಣ. ಬಂದವರೆಲ್ಲ ಬುದ್ಧಿ ಹೇಳುವವರೇ. ಅವಳ ಸ್ವಂತ ಅಕ್ಕನೇ, "ನಿಂಗೆ ಮೊದಲಿಂದ್ಲೂ ಆ ಬೆಲ್ಟು ಅಂದ್ರೆ ಅಲರ್ಜಿ. ಈಗ ನೋಡು" ಅಂದಳು. ಮೊದಮೊದಲು ಹೆಂಡತಿ ವಾದಿಸುತ್ತಿದ್ದಳು. "ಇಲ್ಲ ಅಕ್ಕ, ಇವರು ಪಟ್ಟಿ ಹೊಲಿದು ಕೊಟ್ಟ ಮೇಲೆ ಸರಿಯಾಗೇ ಹಾಕ್ತಿದ್ದೆ." ಕುತ್ತಿಗೆಗೆ ಆರಾಮ ಕೊಟ್ಟ ಆ ಪಟ್ಟಿಯೇ ಕೆಡುಕು ಮಾಡಿತೆಂದು ಅವಳಿಗೆ ಹೊಳೆಯಲೇ ಇಲ್ಲ, ವಕೀಲಮ್ಮನಿಗೂ ಅದರ ವಿಷಯ ಹೇಳಿರಲಿಲ್ಲ. ಪಟ್ಟಿಯ ಹೆಸರು ಬಂದಾಗೆಲ್ಲ ಮೇಷ್ಟ್ರು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಿದ್ದರು. ಬರಬರುತ್ತಾ ಅವಳ ದನಿ ತಗ್ಗಿತು. "ನಿದ್ದೇಲಿ ಕೆಳಗೆ ಜಾರಿದ್ದೆ ಅನ್ಸುತ್ತೆ" ಅಂದಳು. ಆಮೇಲೆ, "ಜಾರಿದ್ದೆ" ಅಂದಳು. ದಿನಾ ಬೆಳಿಗ್ಗೆ ಚೀಲ ಬದಲಾಯಿಸುವ ಗಂಡನ ಕೈ ಹಿಡಿದು, "ನನ್ನ ಸೋಮಾರಿತನಕ್ಕೆ ನಿಮಗೆ ಈ ಹೊಲಸು ಕೆಲ್ಸ" ಅಂತ ಅತ್ತಳು. ಮೇಷ್ಟ್ರು, "ಸುಮ್ನಿರು, ಹಾಗೆಲ್ಲ ಅನ್ಬೇಡ" ಅಂದರೇ ಹೊರತು ಬಾಯಿಬಿಟ್ಟು ಒಂದು ಮಾತು ಹೇಳಲಿಲ್ಲ. ನಾಳೆ ಹೇಳೋಣ ಅನ್ನುವುದರಲ್ಲೇ ನಾಲ್ಕು ತಿಂಗಳು ಹೋಯಿತು. ಥೂ, ಮನುಷ್ಯನ ಹೆದರಿಕೆಗೆ ಇಷ್ಟು ಬೆಂಕಿ ಹಾಕ!

ವಿಚಾರಣೆಯ ದಿನ ಕೋರ್ಟಿನ ಕೋಣೆ ಸಣ್ಣದು, ಫ್ಯಾನು ಕಿರ್ರೆನ್ನುತ್ತಿತ್ತು. ವಿಮೆಯವರ ವಕೀಲರು ಸಭ್ಯಸ್ಥರು, ಸಣ್ಣ ದನಿಯಲ್ಲೇ ಕೇಳಿದರು. "ಅಮ್ಮಾ, ಮೊದಲೆಲ್ಲ ನೀವು ಬೆಲ್ಟನ್ನ ಕಂಕುಳ ಕೆಳಗೆ ಹಾಕ್ಕೊಳ್ತಿದ್ರಿ, ಹೌದಾ?"

"ಹೌದು ಸಾರ್."

"ಅವತ್ತು ನಿದ್ದೆ ಮಾಡ್ತಿದ್ರಿ?"

"ಹೌದು ಸಾರ್."

"ಅಂದ್ರೆ ಬೆಲ್ಟು ಹೊಟ್ಟೆ ಮೇಲೆ ಬಂದಿದ್ದು ನಿಮ್ಮಿಂದಲೇ?"

ಅವಳು ಸೆರಗಿನ ಒಳಗೆ ಚೀಲದ ಮೇಲೆ ಕೈಯಿಟ್ಟುಕೊಂಡಳು. "ನನ್ನಿಂದಲೇ ಇರ್ಬೇಕು ಸಾರ್. ಬೇರೆ ಯಾರಿದ್ರು ಅಲ್ಲಿ?"

ಮೇಷ್ಟ್ರಿಗೆ ಇನ್ನು ಕೂತಿರಲು ಆಗಲಿಲ್ಲ. "ನಾನಿದ್ದೆ" ಅಂದರು. ಗುಮಾಸ್ತ ಕೂರಿ ಎಂದು ಕೈಸನ್ನೆ ಮಾಡಿದ. ಕೂರಲಿಲ್ಲ. "ಸ್ವಾಮಿ, ಅವಳ ತಪ್ಪಲ್ಲ. ಅವಳು ಸರಿಯಾಗೇ ಹಾಕಿದ್ಲು. ನಾನು ಬೆಲ್ಟಿಗೆ ಪಟ್ಟಿ ಹೊಲಿದಿದ್ದೆ, ಅದು ಕೆಳಗಿನ ಬೆಲ್ಟನ್ನ ಮೇಲಕ್ಕೆ ಎಳೀತು. ಇವರು ನೋಡೋಕೆ ಬರೋ ಹಿಂದಿನ ದಿನ ನಾನೇ ಹೋಗಿ ಬಿಚ್ಚಿದೆ. ಬೇಕಾದ್ರೆ ಬೆಳಕಿಗೆ ಹಿಡಿದು ನೋಡಿ, ಮೇಲೆ ಹದಿನಾಲ್ಕು ತೂತು, ಕೆಳಗೆ ಹದಿನಾಲ್ಕು."

ವಕೀಲಮ್ಮ ಕಣ್ಣು ಮುಚ್ಚಿಕೊಂಡರು. ನ್ಯಾಯಾಧೀಶರು ಸಾವಕಾಶವಾಗಿ ಎಲ್ಲ ಬರೆಸಿಕೊಂಡು, ಬೆಲ್ಟನ್ನು ಮತ್ತೆ ಪರೀಕ್ಷಿಸಲು ಹೇಳಿ ಕೇಸನ್ನು ಮುಂದೂಡಿದರು. ಹೊರಗೆ ಬಂದ ವಕೀಲಮ್ಮ, "ಸಾಕ್ಷಿ ಕೆಡಿಸಿದ್ದು ಅಂದ್ರೆ ಏನು ಗೊತ್ತಾ ನಿಮಗೆ? ಮೊದಲೇ ಹೇಳಿದ್ರೆ ದಾರಿ ಇತ್ತು. ಈಗ ಇವರಿಗೆ ಏನು ಉಳಿಯುತ್ತೋ ನಂಗೊತ್ತಿಲ್ಲ" ಅಂತ ಕಾಗದ ಬಾಚಿಕೊಂಡು ಹೊರಟುಹೋದರು.

ಮೊಗಸಾಲೆಯ ಬೆಂಚಿನ ಮೇಲೆ ಹೆಂಡತಿ ಕೂತಿದ್ದಳು. ಮೇಷ್ಟ್ರು ಎದುರಿಗೆ ನಿಂತರು. ಅತ್ತರೆ, ಬೈದರೆ, ಕೈಗೆ ಸಿಕ್ಕಿದ್ದರಲ್ಲಿ ಹೊಡೆದರೂ ಸೈ ಅಂತ ಕಾಯುತ್ತಿದ್ದರು. ಅವಳು ಒಂದನ್ನೂ ಮಾಡಲಿಲ್ಲ.

"ನಾಲ್ಕು ತಿಂಗಳು ನನ್ನನ್ನ ನಾನೇ ಬೈಕೊಂಡೆ. ನೀವು ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರಿ."

"ತಪ್ಪಾಯ್ತು ಕಣೆ."

"ಹೊಲಿದಿದ್ದಕ್ಕೆ ನಾನು ಏನೂ ಅನ್ನಲ್ಲ. ನನಗೋಸ್ಕರ ಹೊಲಿದ್ರಿ, ಗೊತ್ತು" ಅಂದಳು. "ಬಿಚ್ಚಿದ್ದು ಯಾರಿಗೋಸ್ಕರ ರೀ?"

ಅವಳು ಗೋಡೆ ಹಿಡಿದು ಎದ್ದು, ದೂರ ನಿಂತಿದ್ದ ಅಕ್ಕನನ್ನು ಕರೆದಳು. "ಅಕ್ಕಾ, ನಾನು ನಿನ್ನ ಜೊತೆ ಬರ್ತೀನಿ. ಎಷ್ಟು ದಿನ ಅಂತ ಕೇಳ್ಬೇಡ" ಅಂದವಳೇ ಮೆಟ್ಟಿಲ ಕಡೆ ನಡೆದಳು. ಗಂಡನ ಕಡೆ ತಿರುಗಲಿಲ್ಲ.

ಅಕ್ಕ ಹಿಂದೆ ಹೋಗುವಾಗ ಮೇಷ್ಟ್ರು ಅಡ್ಡ ನಿಂತರು. ಅವಳು ಮುಖ ಬೇರೆ ಕಡೆ ಮಾಡಿದಳು. "ಒಂದು ನಿಮಿಷ ಅತ್ತಿಗೆ, ನನ್ನನ್ನ ಆಮೇಲೆ ಬೈಯಿರಿ" ಅಂತ ಮೇಷ್ಟ್ರು ಗಡಿಬಿಡಿಯಲ್ಲಿ ಹೇಳತೊಡಗಿದರು. "ಚೀಲ ಬೆಳಿಗ್ಗೆ ತಿಂಡಿಗೆ ಮುಂಚೆ ಬದಲಾಯಿಸಿ, ಆಗ ಕಮ್ಮಿ ಬರುತ್ತೆ. ಸೋಪು ಹಾಕ್ಬೇಡಿ, ಬರೀ ಬೆಚ್ಚಗಿನ ನೀರು. ಸುತ್ತ ಚರ್ಮ ಪೂರ್ತಿ ಒಣಗ್ಬೇಕು. ಅಂಟಿಸೋ ಮುಂಚೆ ಹೊಸ ಚೀಲಾನ ಸ್ವಲ್ಪ ಹೊತ್ತು ಎರಡೂ ಅಂಗೈ ಮಧ್ಯೆ ಇಟ್ಕೊಳ್ಳಿ. ತಣ್ಣಗಿದ್ರೆ ಅವಳು ಬೆಚ್ಚಿಬೀಳ್ತಾಳೆ, ಆದ್ರೆ ಬಾಯಿಬಿಟ್ಟು ಹೇಳಲ್ಲ."